ಚಕ್ರಕ್ಕೆ ತಾಕಿದ ಚಾಟಿಕೋಲು

ಓಟ ಮುಗಿದ ಮೇಲೆ ಕುದುರೆಯ ಮೈ ಮುಟ್ಟಿ ನೋಡುವುದು ನನ್ನ ಕೆಲಸ. ಗಾಡಿ ಬಿಚ್ಚಿ, ಮೈಮೇಲಿನ ಪಟ್ಟಿಗಳನ್ನು ತೆಗೆದು, ನೀರು ಹಾಕುವ ಮೊದಲೇ ನೋಡಬೇಕು. ಮೊದಲು ಬೆನ್ನಿನ ಹಿಂಭಾಗ, ಆಮೇಲೆ ತೊಡೆ, ಆಮೇಲೆ ಹೊಟ್ಟೆಯ ಎರಡು ಪಕ್ಕ, ಕೊನೆಗೆ ಹಿಂಗಾಲುಗಳ ಒಳಬದಿ. ಈ ಕ್ರಮ ತಪ್ಪಿಸಬಾರದು. ತಪ್ಪಿಸಿದರೆ ಎಲ್ಲೋ ಒಂದು ಜಾಗ ಬಿಟ್ಟುಹೋಗುತ್ತದೆ. ಬಾಸುಂಡೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಇದನ್ನು ನನಗೆ ಕಲಿಸಿದ್ದು ಕುದುರೆಗಳಲ್ಲ, ಮೈಸೂರಿನ ನರ್ಸಿಂಗ್ ಶಾಲೆ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಹಾಸಿಗೆಯ ಹೊದಿಕೆಯ ಮೂಲೆ ಸರಿಯಾಗಿ ಮಡಚದಿದ್ದರೆ ಸಿಸ್ಟರ್ ಇಡೀ ಹಾಸಿಗೆಯನ್ನೇ ಕಿತ್ತುಹಾಕಿ ಮತ್ತೆ ಮಾಡಿಸುತ್ತಿದ್ದರು. ಜೊತೆಯ ಹುಡುಗಿಯರು ಅಳುತ್ತಿದ್ದರು. ನಾನು ಅತ್ತವಳಲ್ಲ. ನನಗೆ ಅದು ಹಿಡಿಸಿತ್ತು.

ಆ ಶಿಸ್ತನ್ನು ಹಿಡಿದುಕೊಂಡೇ ದೋಹಾಕ್ಕೆ ಬಂದೆ, ಆಸ್ಪತ್ರೆಯೊಂದರಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತಳಾದೆ. ಈಗ ದೋಹಾದ ಪಕ್ಕದ ಅಲ್ ವಕ್ರಾದಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಪಾಳಿಯ ಕೆಲಸದವನು, ಸೊಸೆ ಆಫೀಸಿನವಳು. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಹಾಲು ಕುಡಿ ಅಂದರೆ ಕುಡಿಯುತ್ತವೆ. ಯಾಕೆ ಮುಖ ಸಪ್ಪಗಿದೆ ಅಂದರೆ ‘ನಥಿಂಗ್ ಅಜ್ಜಿ’ ಅನ್ನುತ್ತವೆ.

ಕುದುರೆಗಳ ಹತ್ತಿರ ನನ್ನನ್ನು ಕರೆತಂದವರು ಒಬ್ಬ ಕತಾರಿ ಯಜಮಾನರು. ಅವರ ತಾಯಿ ಕೊನೆಯ ದಿನಗಳಲ್ಲಿ ನನ್ನ ವಾರ್ಡಿನಲ್ಲಿದ್ದರು. ಭೇಟಿಯ ಹೊತ್ತು ಮುಗಿದ ಕೂಡಲೇ ನಾನು ಅವರನ್ನೂ ಅವರ ಅಣ್ಣತಮ್ಮಂದಿರನ್ನೂ ದಿನಾ ಹೊರಗೆ ಕಳಿಸುತ್ತಿದ್ದೆ. ವರ್ಷಗಳ ನಂತರ ಅವರಿಗೆ ಗಾಡಿ ಕುದುರೆ ಓಟದ ಹುಚ್ಚು ಹತ್ತಿತು. ದೋಹಾದ ಪಶ್ಚಿಮಕ್ಕೆ, ಒಂಟೆ ಓಟದ ಮೈದಾನಕ್ಕೆ ಹೋಗುವ ದಾರಿಯಲ್ಲಿರುವ ತಮ್ಮ ಮಜ್ರಾದಲ್ಲಿ, ಅಂದರೆ ತೋಟದಲ್ಲಿ, ಒಂದು ಓಟದ ದಾರಿ ಮಾಡಿಸಿದರು. ಫ್ರಾನ್ಸಿನಿಂದ ಕುದುರೆ ತರಿಸಿದರು. ಗೆಳೆಯರೂ ತಂದರು. ನಿಯಮ ನೋಡಿಕೊಳ್ಳಲು ಯಾರಿಗೂ ಹೆದರದ ಒಬ್ಬರು ಬೇಕು ಎಂದಾಗ ಅವರಿಗೆ ನನ್ನ ನೆನಪಾಯಿತಂತೆ. ನನ್ನನ್ನೇ ಹೊರಗೆ ಹಾಕಿದ ಹೆಂಗಸು, ಇನ್ನು ಯಾರನ್ನು ಬಿಟ್ಟಾಳು ಎಂದು ಅವರು ಮೊದಲ ದಿನವೇ ಎಲ್ಲರೆದುರು ಹೇಳಿ ನಕ್ಕರು.

ಈ ಓಟದಲ್ಲಿ ಕುದುರೆಯ ಮೇಲೆ ಯಾರೂ ಕೂರುವುದಿಲ್ಲ. ಹಿಂದೆ ಎರಡು ಚಕ್ರದ ಹಗುರವಾದ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಚಾಲಕ. ಕುದುರೆ ನಾಗಾಲೋಟಕ್ಕೆ ಬೀಳಬಾರದು. ಟಾಂಗಾ ಕುದುರೆಯ ಹಾಗೆ ಹದವಾದ ದುಲ್ಕಿ ಓಟದಲ್ಲೇ ಕೊನೆ ಮುಟ್ಟಬೇಕು. ಹೆದರಿಯೋ ಆತುರಕ್ಕೋ ನೆಗೆದು ಓಡಿತೋ, ಓಟದಿಂದ ಹೊರಗೆ. ಇಲ್ಲಿ ಜೂಜಿಲ್ಲ. ಚಳಿಗಾಲದ ಶುಕ್ರವಾರಗಳ ಸಂಜೆ ಓಟ, ಆಮೇಲೆ ಖರ್ಜೂರ, ಕಾವಾ ಎಂಬ ಅರಬ್ಬಿ ಕಾಫಿ. ಆದರೂ ಗೆಲ್ಲಬೇಕೆಂಬ ಹಟ ಜೂಜಿನವರಿಗಿಂತ ಕಡಿಮೆಯೇನಲ್ಲ. ಅದಕ್ಕೇ ಚಾಟಿಯ ನಿಯಮ. ಎರಡೂ ಕೈಯಲ್ಲಿ ಲಗಾಮು ಹಿಡಿದೇ ಇರಬೇಕು, ಚಾಟಿಯ ಕೈ ಹೆಗಲಿಗಿಂತ ಮೇಲೇಳಬಾರದು, ಚಾಟಿ ಗಾಡಿಯ ಹೊರಕ್ಕೆ ಹೋಗಬಾರದು, ಕೋಲು ಚಕ್ರಕ್ಕೆ ತಾಕಬಾರದು. ತಪ್ಪಿದವರನ್ನು ವಿಚಾರಿಸಲು ಮೂವರ ಸಮಿತಿ. ಅಧ್ಯಕ್ಷರು ಜೀವಮಾನವಿಡೀ ಇಂಥ ಓಟಗಳ ತೀರ್ಪುಗಾರರಾಗಿದ್ದ ಫ್ರಾನ್ಸಿನ ಮುದುಕ. ಇನ್ನೊಬ್ಬರು ಸುಡಾನಿನ ಪಶುವೈದ್ಯರು. ಮೂರನೆಯವಳು ನಾನು.

ಮೈದಾನದ ಕಟಕಟೆಯ ಪಕ್ಕ ನಿಂತು ಓಟ ನೋಡುತ್ತಿದ್ದ ಒಂದು ಸಂಜೆ ಹಿಂದಿನ ತಿರುವಿನ ಕಡೆಯಿಂದ ‘ಟರ್ರ್’ ಎಂದು ಸದ್ದು ಬಂತು. ನಾನು ಯೋಚಿಸದೆ ಪಕ್ಕಕ್ಕೆ ಸರಿದೆ. ಸರಿದವಳು ನಾನೊಬ್ಬಳೇ. ಉಳಿದವರೆಲ್ಲ ಏನು ಮುರಿಯಿತು ಎಂದು ನೋಡುತ್ತಿದ್ದರು. ಅಧ್ಯಕ್ಷರು ಯಾವುದೋ ಚಕ್ರದ ಕಡ್ಡಿ ಹೋಯಿತು ಎಂದರು. ನನಗೆ ಮಾತ್ರ ಗೊತ್ತಿತ್ತು. ಮೈಸೂರಿನಲ್ಲಿ ಬೆಳೆದವರಿಗೆ ಅದು ಬೆನ್ನಿಗೇ ಗೊತ್ತಿರುತ್ತದೆ. ಟಾಂಗಾದವನು ಚಾಟಿಯ ಕೋಲನ್ನು ತಿರುಗುವ ಚಕ್ರಕ್ಕೆ ಕೊಟ್ಟರೆ ಬರುವ ಸದ್ದು ಅದು. ದಾರಿ ಬಿಡಿ, ಗಾಡಿ ಬರುತ್ತಿದೆ ಎಂದು ಅರ್ಥ.

ಸದ್ದು ಮಾಡಿದ ಚಾಲಕನನ್ನು ಅಂದೇ ಮೈದಾನದ ಕ್ಯಾಬಿನ್ನಿಗೆ ಕರೆಸಿದರು. ಐವತ್ತು ದಾಟಿದವನು, ತೆಳ್ಳಗೆ, ಗಡ್ಡ ನೀಟಾಗಿ ಕತ್ತರಿಸಿದ್ದ. ಲಾಯದ ಕೆಲಸಕ್ಕೆಂದು ಬಂದು, ಯಜಮಾನರ ಕಣ್ಣಿಗೆ ಬಿದ್ದು ಗಾಡಿ ಏರಿದವನು. ಅವನ ಇಂಗ್ಲಿಷು ಸಾಲದು. ಬರುವ ಅರಬ್ಬಿ ಯಲ್ಲಾ, ಖಲಾಸ್, ಮಾಫಿ, ಅಂದರೆ ಹೊರಡು, ಮುಗಿಯಿತು, ಇಲ್ಲ, ಅಷ್ಟೇ. ಅಧ್ಯಕ್ಷರಿಗೆ ಹಿಂದಿ ಬಾರದು. ನಾನು ಕನ್ನಡದಲ್ಲಿ ಯಾವೂರಪ್ಪ ನಿಂದು ಎಂದು ಕೇಳಿದೆ. ಅವನು ಬಾಗಿಲ ಕಡೆ ತಿರುಗಿ ನೋಡಿದ, ಬೇರೆ ಯಾರೋ ಮಾತಾಡಿದರು ಎಂಬಂತೆ. ಆಮೇಲೆ ಅವನ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಮೈಸೂರು ಎಂದ.

“ಹೊಡ್ದಿಲ್ಲ ಅಮ್ಮಾವ್ರೇ. ಮುಟ್ಟೇ ಇಲ್ಲ ಕುದುರೇನ. ಹಾರ್ನ್ ಕೊಟ್ಟೆ ಅಷ್ಟೆ.”

ಅಧ್ಯಕ್ಷರು ಏನಂತೆ ಎಂದರು. ಹಾರ್ನ್ ಕೊಟ್ಟನಂತೆ ಎಂದೆ. ಪಶುವೈದ್ಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಧ್ಯಕ್ಷರೂ ನಕ್ಕರು, ಆದರೆ ಎಚ್ಚರಿಕೆ ಬರೆಸಿದರು. ಆ ಸದ್ದಿಗೆ ಪಕ್ಕದ ಕುದುರೆ ಬೆದರಬಹುದು, ಬೆದರಿದ ಕುದುರೆ ಗಾಡಿಯನ್ನು ಮಗುಚಬಹುದು; ನಿಯಮ ಇರುವುದು ಅದಕ್ಕೆ ಎಂದು ವಿವರಿಸಿದರು. ನಾನು ಅದನ್ನೆಲ್ಲ ಅವನಿಗೆ ಕನ್ನಡದಲ್ಲಿ ಹೇಳಿದೆ. ಅವನು ತಲೆಯಾಡಿಸಿದ. ಅವನ ಕುದುರೆಯ ಮೈಯನ್ನು ನಾನು ಅದಾಗಲೇ ನೋಡಿದ್ದೆ. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ಅವತ್ತಷ್ಟೇ ಅಲ್ಲ, ಯಾವತ್ತೂ ಇರಲಿಲ್ಲ. ಉಳಿದ ಚಾಲಕರ ಕುದುರೆಗಳ ಬಗ್ಗೆ ನಾನು ಹಾಗೆ ಹೇಳಲಾರೆ.

ಕಂದು ಬಣ್ಣದ ಹೆಣ್ಣುಕುದುರೆ ಅದು. ಫ್ರಾನ್ಸಿನಿಂದ ಬಂದ ಹೊಸತರಲ್ಲಿ ಯಾರ ಕೈಗೂ ಬಗ್ಗಿರಲಿಲ್ಲವಂತೆ. ಧ್ವನಿವರ್ಧಕಕ್ಕೆ ಹೆದರಿಕೆ, ಗಾಳಿಯಲ್ಲಿ ಬಡಿಯುವ ಬಾವುಟಕ್ಕೆ ಹೆದರಿಕೆ, ಜನರ ಬಿಳಿ ಉಡುಪಿನ ಸಾಲಿಗೆ ಹೆದರಿಕೆ. ಹೆದರಿದರೆ ನೆಗೆದು ಓಡುತ್ತಿತ್ತು, ಹೊರಗೆ ಬೀಳುತ್ತಿತ್ತು. ವಾಪಸು ಕಳಿಸುವ ಮಾತು ನಡೆದಿತ್ತು. ಒಂದು ಬೆಳಗ್ಗೆ ಇವನು ಅದನ್ನು ಗಾಡಿಗೆ ಕಟ್ಟಿ ಸುಮ್ಮನೆ ಸುತ್ತಿಸುವಾಗ, ಊರಿನ ಯೋಚನೆಯಲ್ಲಿ, ಕೋಲನ್ನು ಚಕ್ರಕ್ಕೆ ಕೊಟ್ಟಿದ್ದಾನೆ. ಕುದುರೆ ಕಿವಿ ಮುಂದೆ ಮಾಡಿತಂತೆ. ಹೆಜ್ಜೆ ಹದಕ್ಕೆ ಬಂತಂತೆ. ಮತ್ತೆ ಕೊಟ್ಟ. ಮತ್ತೆ ಹದಕ್ಕೆ ಬಂತು. ಬೇರೆ ಕುದುರೆಗಳನ್ನು ಬೆದರಿಸುವ ಸದ್ದು ಇವಳಿಗೆ ಮಾತ್ರ ಧೈರ್ಯ. ಯಾಕೆ ಎಂದು ಪಶುವೈದ್ಯರೂ ಹೇಳಲಾರರು. ಸದ್ದು ಹಿಂದೆಯೇ ಇದ್ದರೆ ಮುಂದಿನದು ಕಾಣೋದಿಲ್ಲವೇನೋ ಅಮ್ಮಾ, ನಮಗೂ ಹಂಗೇ ಅಲ್ವಾ ಎಂದ ಅವನು. ಆ ಚಳಿಗಾಲದಲ್ಲೇ ಅವಳು ಗೆಲ್ಲತೊಡಗಿದಳು.

ಅವನು ಅವಳನ್ನು ಮಗಳೇ ಎಂದು ಕರೆಯುತ್ತಿದ್ದ. ಅವಳ ಜೊತೆ ಮಾತೆಲ್ಲ ಕನ್ನಡದಲ್ಲೇ. ಇದು ವಿಚಿತ್ರ, ಏಕೆಂದರೆ ಅವನ ಮನೆ ಮಾತು ಉರ್ದು. ಕೇಳಿದರೆ ನಕ್ಕ. ಅವನ ಅಪ್ಪ, ಅಜ್ಜ ಎಲ್ಲರೂ ಮೈಸೂರಿನಲ್ಲಿ ಟಾಂಗಾ ಓಡಿಸಿದವರು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ. ಕುದುರೆ ಇಡೀ ದಿನ ಕೇಳುವುದು ಗಿರಾಕಿಗಳ ಮಾತನ್ನಲ್ಲವೇ, ಅದಕ್ಕೇ ಕುದುರೆಗೂ ಕನ್ನಡವೇ ಬರುವುದು ಎಂದು ಅವನ ವಾದ. ಫ್ರಾನ್ಸಿನ ಕುದುರೆಗೂ ಅದೇ ವಾದ ಹೂಡಿದ್ದ.

ನಾನು ವಾರಕ್ಕೊಮ್ಮೆ ಓಟಕ್ಕೆ ಹೋಗುವುದಲ್ಲದೆ, ನಡುವೆ ಒಂದು ಬೆಳಗ್ಗೆಯೂ ಹೋಗತೊಡಗಿದೆ. ಯಜಮಾನರ ಕಾರು ಅಲ್ ವಕ್ರಾ ಕಡೆ ಬರುವ ದಿನ ಹೊಂದಿಸಿಕೊಳ್ಳುತ್ತಿದ್ದೆ. ಡಬ್ಬಿಯಲ್ಲಿ ಹುಳಿಯನ್ನವೋ ಅವಲಕ್ಕಿಯೋ ಒಯ್ಯುತ್ತಿದ್ದೆ. ಅವನು ಲಾಯದ ನೆರಳಿನಲ್ಲಿ ಚಾಪೆ ಹಾಸಿ ಹಾಲಿಲ್ಲದ ಸುಲೈಮಾನಿ ಚಹಾ ಕೊಡುತ್ತಿದ್ದ. ಏನು ಮಾತಾಡುತ್ತಿದ್ದೆವು ಎಂದರೆ ಹೇಳುವಂಥದ್ದೇನಿಲ್ಲ. ಯಾವ ಬೀದಿಯಲ್ಲಿ ಯಾವ ಮರ ಕಡಿದರು, ಯಾವ ಬೇಕರಿ ಮುಚ್ಚಿತು, ಯಾವ ಡಾಕ್ಟರ ಮನೆಯ ನಾಯಿ ಟಾಂಗಾ ಹಿಂದೆ ಓಡುತ್ತಿತ್ತು. ಒಮ್ಮೆ ನನ್ನ ನರ್ಸಿಂಗ್ ಹಾಸ್ಟೆಲಿನ ಹುಡುಗಿಯರನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ ಟಾಂಗಾದವರ ಮಾತು ಬಂತು. ನಮ್ಮಪ್ಪ ಇರಬಹುದು, ನರ್ಸಮ್ಮಗಳು ಚೌಕಾಸಿ ಜಾಸ್ತಿ ಅಂತ ಬೈತಿದ್ರು ಎಂದ. ಮನೆಯಲ್ಲಿ ನನಗೆ ಮಾತಿಗೆ ಜನ ಇಲ್ಲವೆಂದಲ್ಲ. ಮಗ ಒಳ್ಳೆಯವನು, ಸೊಸೆ ಒಳ್ಳೆಯವಳು. ಆದರೆ ಅರ್ಧ ವಾಕ್ಯಕ್ಕೇ ಪೂರ್ತಿ ಅರ್ಥ ಆಗುವ ಸುಖ ಬೇರೆ. ಅವನು ಅಮ್ಮಾವ್ರೇ ಅನ್ನುತ್ತಿದ್ದವನು ಯಾವಾಗಲೋ ಅಮ್ಮಾ ಅನ್ನತೊಡಗಿದ್ದ. ನಾನೂ ತಿದ್ದಲಿಲ್ಲ.

ಕೋಲನ್ನು ಚಕ್ರಕ್ಕೆ ಕೊಡುವ ಅವನ ಚಟ ಬಿಡಿಸಬೇಕೆಂದು ನಾನೇ ಕೈಹಾಕಿದೆ. ಹೊಸ ನರ್ಸುಗಳ ಕೆಟ್ಟ ಅಭ್ಯಾಸಗಳನ್ನು ಬಿಡಿಸಿ ಪಳಗಿದವಳು ನಾನು. ಬೈದರೆ ಅಭ್ಯಾಸ ಹೋಗುವುದಿಲ್ಲ, ಕೈಗೆ ಬೇರೆ ಕೆಲಸ ಕೊಟ್ಟರೆ ಹೋಗುತ್ತದೆ. ಅವನ ಬಲ ಮಣಿಕಟ್ಟಿಗೂ ಲಗಾಮಿಗೂ ಸೇರಿಸಿ ಬ್ಯಾಂಡೇಜು ಬಟ್ಟೆಯ ಒಂದು ಸಡಿಲ ಕುಣಿಕೆ ಹಾಕಿದೆ. ಕೈ ಚಕ್ರದ ಕಡೆ ಹೊರಟರೆ ಕುಣಿಕೆ ಎಳೆದು ನೆನಪಿಸಬೇಕು. ಬೆಳಗಿನ ಅಭ್ಯಾಸಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಲಾಯದ ಉಳಿದ ಹುಡುಗರು ಅವನಿಗೆ ಬೇಡಿ ಬಿತ್ತು, ಮೇಟ್ರನಮ್ಮ ಅರೆಸ್ಟ್ ಮಾಡಿದರು ಎಂದು ಕಿಚಾಯಿಸುತ್ತಿದ್ದರು. ಅವನೂ ಮಣಿಕಟ್ಟು ಎತ್ತಿ ತೋರಿಸಿ ನಗುತ್ತಿದ್ದ. ಚಕ್ರಗಳ ಕಡ್ಡಿ ಮುಚ್ಚುವ ಪ್ಲಾಸ್ಟಿಕ್ ತಟ್ಟೆಗಳು ಬರುತ್ತವೆ, ಅವು ಇದ್ದರೆ ಕೋಲು ಸದ್ದು ಮಾಡಲಾರದು ಎಂದು ಅಧ್ಯಕ್ಷರು ಹೇಳಿದಾಗ, ತರಿಸಿ ಎಂದು ಬೆನ್ನುಹತ್ತಿದವಳೂ ನಾನೇ. ತರಿಸಿದರು. ಸಾಮಾನು ಹಡಗಿನಲ್ಲಿ ಬರುತ್ತಿದೆ ಎಂದು ಕೇಳುತ್ತಲೇ ಇದ್ದೆವು.

ನಡುವೆ ಇನ್ನೊಮ್ಮೆ ಅವನು ತಪ್ಪಿದ. ಕೊನೆಯ ತಿರುವಿನಲ್ಲಿ ಬಾವುಟವೊಂದು ಹರಿದು ಕುದುರೆಯ ಮುಂದೆ ಬಿತ್ತು. ಕುಣಿಕೆಯನ್ನು ಎಳೆದುಕೊಂಡೇ ಕೈ ಚಕ್ರಕ್ಕೆ ಹೋಗಿತ್ತು. ಅವತ್ತು ಯಾರಿಗೂ ಏನೂ ಆಗಲಿಲ್ಲ. ಒಂದು ಓಟಕ್ಕೆ ಅವನನ್ನು ಹೊರಗಿಟ್ಟೆವು. ಆ ಓಟದಲ್ಲಿ ಬೇರೊಬ್ಬ ಚಾಲಕ ಅವಳನ್ನು ಓಡಿಸಿದ. ಅವಳು ಮೊದಲ ತಿರುವಿನಲ್ಲೇ ನೆಗೆದು ಓಡಿ ಹೊರಗಾದಳು. ಇವನು ಕಟಕಟೆಯ ಆಚೆ ನಿಂತು, ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ನೋಡುತ್ತಿದ್ದ. ಅವತ್ತು ಅವಳ ತೊಡೆಯ ಮೇಲೆ ನನ್ನ ಬೆರಳಿಗೆ ಬಾಸುಂಡೆ ಸಿಕ್ಕಿತು. ಆ ಚಾಲಕನನ್ನೂ ವಿಚಾರಿಸಿ ದಂಡಿಸಿದೆವು.

ಅಪಘಾತವಾದದ್ದು ಋತುವಿನ ದೊಡ್ಡ ಓಟದಲ್ಲಿ. ಪಕ್ಕದ ಗಾಡಿ ಮಾಲ್ಟಾ ದ್ವೀಪದ ಒಬ್ಬ ಯುವಕನದು, ಒಳ್ಳೆಯ ಚಾಲಕ, ಈ ದೇಶಕ್ಕೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಎರಡೂ ಗಾಡಿಗಳು ಚಕ್ರಕ್ಕೆ ಚಕ್ರ ಹತ್ತಿರವಾಗಿ ಕೊನೆಯ ನೇರ ದಾರಿಗೆ ಬಂದವು. ಜನರ ಗದ್ದಲ ಎದ್ದಿತು. ಯಾರೋ ಅತಿಥಿಗಳು ಹಾರಿಸಿದ ಡ್ರೋನ್ ಒಂದು ಕೆಳಗಿಳಿಯಿತು. ಕಂದು ಕುದುರೆ ತಲೆ ಎತ್ತಿತು. ನಾನು ಆಗಲೇ ಬೇಡ ಎಂದು ಬಾಯೊಳಗೇ ಅಂದುಕೊಂಡೆ. ಟರ್ರ್ ಎಂದಿತು. ಅವಳು ಹದಕ್ಕೆ ಬಂದಳು. ಪಕ್ಕದ ಕುದುರೆ ಅಡ್ಡ ಹಾರಿತು, ಅದರ ಗಾಡಿ ಕಂಬಿಗೆ ಬಡಿದು ಮಗುಚಿತು.

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಬಾರದು, ಓಡಿದೆ. ಯುವಕನನ್ನು ಅಲುಗಿಸದಂತೆ ಹಿಡಿದು ಆಂಬುಲೆನ್ಸ್ ಬರುವ ತನಕ ಅವನ ತಲೆಯ ಹತ್ತಿರ ಕೂತೆ. ಸೊಂಟದ ಮೂಳೆ ಮುರಿದಿತ್ತು. ಅವನು ತನ್ನ ಭಾಷೆಯಲ್ಲಿ ತಾಯಿಯನ್ನು ಕರೆಯುತ್ತಿದ್ದ. ಯಾವ ಭಾಷೆಯಲ್ಲಿ ಕರೆದರೂ ಆ ಮಾತು ನರ್ಸಿಗೆ ತಿಳಿಯುತ್ತದೆ. ಅವನ ಕುದುರೆಗೆ ಗೀರುಗಳಷ್ಟೇ ಆದವು. ಕಂದು ಕುದುರೆ ಮೊದಲು ಬಂದಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇವನು ಗಾಡಿಯಿಂದ ಇಳಿದು ಮಣ್ಣಿನಲ್ಲಿ ನಿಂತಿದ್ದ. ಲಗಾಮು ಇನ್ನೂ ಕೈಯಲ್ಲೇ ಇತ್ತು.

ವಿಚಾರಣೆ ಈ ಸಲ ಮೈದಾನದ ಕ್ಯಾಬಿನ್ನಿನಲ್ಲಲ್ಲ, ನಗರದೊಳಗೆ ಮುಶೈರಿಬ್‌ನಲ್ಲಿರುವ ಯಜಮಾನರ ಕಚೇರಿಯಲ್ಲಿ. ನಾನು ಮೆಟ್ರೋ ಹಿಡಿದು ಹೋದೆ. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಯುವಕನನ್ನು ನೋಡಿದೆ. ಅವನು ಯಾರನ್ನೂ ದೂರಲಿಲ್ಲ. ಮತ್ತೆ ಗಾಡಿಯಲ್ಲಿ ಕೂರಲು ಆಗುತ್ತದಾ ಎಂದಷ್ಟೇ ಕೇಳಿದ. ಡಾಕ್ಟರು ಹೇಳಬೇಕಾದ ಮಾತನ್ನು ನಾನು ಹೇಳುವುದಿಲ್ಲ, ಅದು ಮೊದಲಿನಿಂದ ನನ್ನ ನಿಯಮ. ಸುಮ್ಮನೆ ಅವನ ದಿಂಬು ಸರಿಮಾಡಿ ಎದ್ದೆ.

ಕಚೇರಿಯಲ್ಲಿ ಮೊದಲಿಗೇ ಅಧ್ಯಕ್ಷರಿಗೆ ಹೇಳಿದೆ, ಈ ಚಾಲಕ ನನಗೆ ಬೇಕಾದವನು, ನನ್ನನ್ನು ಬಿಟ್ಟುಬಿಡಿ ಎಂದು. ಇಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ, ಅವನ ಭಾಷೆ ಬಲ್ಲವರು ನಿಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ ಎಂದರು. ಕೂತೆ. ಅವನು ಒಳಗೆ ಬರುವ ಮೊದಲು ನಾವು ಮೂವರೂ ನಮ್ಮ ನಮ್ಮ ಮನಸ್ಸು ಹೇಳಿಕೊಂಡೆವು. ಅಧ್ಯಕ್ಷರು ಈ ಋತುವಿನ ಉಳಿದ ಭಾಗಕ್ಕೂ ಮುಂದಿನ ಇಡೀ ಋತುವಿಗೂ ಅವನು ಗಾಡಿ ಏರಬಾರದು ಎಂದರು. ಪಶುವೈದ್ಯರು ಅಷ್ಟು ಬೇಡ ಎಂದರು. ಚಕ್ರದ ತಟ್ಟೆಗಳು ಬಂದಿದ್ದರೆ ಇದು ಆಗುತ್ತಲೇ ಇರಲಿಲ್ಲ, ತಟ್ಟೆ ಬರುವವರೆಗೆ ಮಾತ್ರ ಹೊರಗಿಡೋಣ, ಅವನು ಕುದುರೆಗೆ ಒಂದೇ ಒಂದು ಏಟು ಕೊಟ್ಟವನಲ್ಲ ಎಂದರು. ಅದೂ ನಿಜವೇ. ಆದರೆ ತಟ್ಟೆ ಬಂದ ಮೇಲೆ ಕೈ ಎಲ್ಲಿಗೆ ಹೋಗುತ್ತದೆ, ತಟ್ಟೆಯ ಮೇಲೆ ಬಡಿದರೆ ಆಗೇನು ಎಂದು ಅಧ್ಯಕ್ಷರು. ಇಬ್ಬರೂ ನನ್ನನ್ನು ನೋಡಿದರು. ಅವನ ಮಾತು ಕೇಳಿ ಹೇಳುತ್ತೇನೆ ಎಂದೆ. ದೊಡ್ಡ ಶಿಕ್ಷೆ ಬಿದ್ದರೆ ಆ ಕುದುರೆ ಅವನ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಆದದ್ದನ್ನೆಲ್ಲ ಒಪ್ಪಿಕೊಂಡ. ಆ ಹುಡುಗನಿಗಾಗಿ ದಿನಾ ದುವಾ ಮಾಡುತ್ತಿದ್ದೇನೆ ಎಂದ. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಕೊನೆಗೆ ಅಧ್ಯಕ್ಷರು ಒಂದು ಪ್ರಶ್ನೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಇನ್ನೊಂದು ಸಲ ಓಟದ ನಡುವೆ ಅವಳು ಹೆದರಿದರೆ ಏನು ಮಾಡ್ತೀಯಾ ಅಂತ ಕೇಳ್ತಿದ್ದಾರೆ.”

ಅವನು ಅಧ್ಯಕ್ಷರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ. ಅಲ್ಲಿಯವರೆಗೆ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು, ಚಾಪೆಯ ಮೇಲೆ ಚಹಾ ಕುಡಿಯುವಾಗ ಇರುತ್ತಿತ್ತಲ್ಲ, ಹಾಗೆ.

“ನಿಮಗೆ ಗೊತ್ತಲ್ಲಾ ಅಮ್ಮಾ. ಅವಳು ಹೆದರಿದ್ರೆ ನನ್ನ ಕೈ ಹೋಗೇ ಹೋಗ್ತದೆ. ಇವ್ರಿಗೆ ಏನಾದ್ರೂ ಒಂದು ಹೇಳಿ.”

ಏನಂತೆ ಎಂದು ಅಧ್ಯಕ್ಷರು ಕೇಳಿದರು.

ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ರೋಗಿಯ ಸ್ಥಿತಿ ಹೇಳಬೇಕು. ಹೇಳುವಾಗ ಏನನ್ನೂ ಸಿಹಿ ಮಾಡಬಾರದು. ಸ್ವಲ್ಪ ಚೇತರಿಸಿಕೊಂಡಿದ್ದಾರೆ ಎಂದು ಕರುಣೆಯಿಂದ ಹೇಳಿದ ಒಂದು ಮಾತಿಗೆ ಮುಂದಿನವಳು ನಿಶ್ಚಿಂತೆಯಾಗಿ ಕೂತರೆ ಜೀವ ಹೋಗುತ್ತದೆ. ಇದನ್ನು ನಾನು ತಲೆಮಾರು ತಲೆಮಾರು ನರ್ಸುಗಳಿಗೆ ಹೇಳಿಕೊಟ್ಟಿದ್ದೇನೆ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಇನ್ನು ಮಾಡುವುದಿಲ್ಲ ಅನ್ನುತ್ತಾನೆ ಎಂದು ನಾನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಕಣ್ಣ ಮುಂದೆ ಆ ಬೆಳಗ್ಗೆ ಸರಿಮಾಡಿದ ದಿಂಬು ಇತ್ತು. ಇನ್ನೊಂದು ಚಳಿಗಾಲ, ಇನ್ನೊಂದು ಡ್ರೋನು, ಇನ್ನೊಬ್ಬರ ಮಗ.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯ ವಾಕ್ಯವನ್ನೂ ಬಿಡಲಿಲ್ಲ.

ಪಶುವೈದ್ಯರು ಮೇಜು ನೋಡಿದರು. ಆಮೇಲೆ ಯಾರ ಮನಸ್ಸು ಯಾವ ಕಡೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ತೀರ್ಪನ್ನು ಅವನಿಗೆ ಕನ್ನಡದಲ್ಲಿ ಹೇಳಬೇಕಾದವಳೂ ನಾನೇ. ಗಾಡಿ ಏರುವ ಹಾಗಿಲ್ಲ, ಮುಂದಿನ ಋತು ಮುಗಿಯುವ ತನಕ. ಲಾಯದ ಕೆಲಸಕ್ಕೆ ತೊಂದರೆಯಿಲ್ಲ. ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದೆ. ಅವನು ಹೂಂ, ಹೂಂ ಎಂದು ಕೇಳಿಸಿಕೊಂಡ.

ಹೊರಗೆ ಲಿಫ್ಟಿನ ಮುಂದೆ ಇಬ್ಬರೇ ನಿಂತೆವು. ಅವನಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೂವತ್ತು ಹಾಸಿಗೆಯ ವಾರ್ಡಿನ ಬೈಗುಳ ತಿಂದು ಬೆಳೆದವಳು.

“ನಾನು ನಿಮ್ಮ ಹತ್ರ ಹೇಳಿದ್ದು ಅಮ್ಮಾ,” ಎಂದ. “ಅವರ ಹತ್ರ ಅಲ್ಲ.”

ನಾನು ಅಲ್ಲಿ ಕೂತಿದ್ದು ನಿನ್ನ ಅಮ್ಮನಾಗಿ ಅಲ್ಲಪ್ಪಾ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಲಿಫ್ಟು ಬಂತು. ಅವನು ಬಾಗಿಲನ್ನು ಕೈಯಿಂದ ತಡೆದು ನನ್ನನ್ನು ಮೊದಲು ಹೋಗಲು ಬಿಟ್ಟ.

ಯಜಮಾನರನ್ನು ಒಮ್ಮೆ ಕೇಳಿದೆ, ಕುದುರೆಯನ್ನು ಇಟ್ಟುಕೊಳ್ಳಲಾಗದೇ ಎಂದು. ನಾನು ಯಾರ ಬಳಿಯೂ ಏನನ್ನೂ ಬೇಡಿದವಳಲ್ಲ, ಅವರಿಗೂ ಅದು ಗೊತ್ತು. ಒಬ್ಬನೇ ಓಡಿಸಬಲ್ಲ ಕುದುರೆ, ಆ ಒಬ್ಬ ಓಡಿಸುವಂತಿಲ್ಲ, ಲಾಯದಲ್ಲಿ ಸುಮ್ಮನೆ ನಿಲ್ಲಿಸಿದರೆ ಅವಳಿಗೂ ಹಿಂಸೆ ಎಂದರು. ಫ್ರಾನ್ಸಿನಲ್ಲಿ ಮರಿ ಹಾಕಿಸುವವರು ಒಬ್ಬರು ಒಪ್ಪಿದ್ದಾರೆ, ಹುಲ್ಲುಗಾವಲಿದೆ, ಒಳ್ಳೆಯ ಜನ. ಖಲಾಸ್ ಎಂದು ಮೆಲ್ಲಗೆ ಹೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಪ್ರಯತ್ನಿಸಿದೆ, ಸಿಗಲಿಲ್ಲ.

ಅವಳು ಹೊರಟ ದಿನ ನಾನು ಹೋಗಿದ್ದೆ. ವಿಮಾನ ನಿಲ್ದಾಣಕ್ಕೆ ಒಯ್ಯುವ ಕುದುರೆ ಲಾರಿ ಬಾಗಿಲು ಇಳಿಸಿ ನಿಂತಿತ್ತು. ಅವನು ಬೆಳಗ್ಗೆಯೇ ಅವಳ ಮೈ ತೊಳೆದು, ಬಾಲ ಬಾಚಿ, ಕಾಲುಗಳಿಗೆ ಪ್ರಯಾಣದ ಪಟ್ಟಿ ಸುತ್ತಿದ್ದ. ಪಟ್ಟಿ ನನ್ನಷ್ಟೇ ಚೊಕ್ಕವಾಗಿ ಸುತ್ತಿದ್ದ. ತಾನೇ ಹಗ್ಗ ಹಿಡಿದು ಲಾರಿಯೊಳಗೆ ನಡೆದ. ಅವಳು ಒಂದಿಷ್ಟೂ ತಗಾದೆ ಮಾಡದೆ ಹಿಂದೆ ಹೋದಳು. ಅವನು ಒಳಗಿನಿಂದ ಬರಲು ತಡವಾಯಿತು. ಲಾರಿ ಚಾಲಕ, ಪೆಶಾವರದವನು, ಗಡಿಯಾರ ನೋಡಿಕೊಂಡು ಯಲ್ಲಾ ಎಂದು ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ತಡೆದೆ. ಕೊನೆಗೆ ಅವನು ಇಳಿದು ಬಂದು, ಬಾಗಿಲು ಎತ್ತಿ ಚಿಲಕ ಹಾಕಿದ. ಚಿಲಕವನ್ನು ಎಳೆದು ಪರೀಕ್ಷಿಸಿದ.

ಲಾರಿ ಗೇಟು ದಾಟಿದ ಮೇಲೆ ಹತ್ತಿರ ಹೋದೆ. ಊಟ ಆಯ್ತೇನಪ್ಪಾ ಎಂದೆ.

“ಹೋ ಗಯಾ, ಮೇಡಂ,” ಎಂದ.

ಪಕ್ಕದಲ್ಲಿ ಬಿಹಾರದ ಲಾಯದ ಹುಡುಗರಿದ್ದರು, ಅವರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿರಬೇಕು ಅಂದುಕೊಂಡೆ. ಮುಂದಿನ ಶುಕ್ರವಾರ ಸುತ್ತ ಯಾರೂ ಇರಲಿಲ್ಲ. ಚಹಾ ಇದೆಯಾ ಎಂದು ನಾನೇ ಕೇಳಿದೆ. ಇದೆ ಎಂದು ಹಿಂದಿಯಲ್ಲಿ ಹೇಳಿ, ನನಗೊಂದು ಕುರ್ಚಿ ತಂದು ಹಾಕಿದ. ಚಾಪೆಯಲ್ಲ, ಕುರ್ಚಿ. ಲೋಟವನ್ನು ತಟ್ಟೆಯಲ್ಲಿಟ್ಟು ಕೊಟ್ಟ. ತಾನು ನಿಂತೇ ಇದ್ದ.

ಅಂದಿನಿಂದ ಹೀಗೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಹಿಂದಿಯಲ್ಲಿ ಉತ್ತರಿಸುತ್ತಾನೆ. ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ, ಪೂರ್ತಿಯಾಗಿ, ಮರ್ಯಾದೆಯಾಗಿ. ಊರಿನಲ್ಲಿರುವ ತನ್ನ ಕಿರಿಯ ಮಗಳಿಗೆ ಹೆರಿಗೆಯಾದದ್ದನ್ನೂ ಹೇಳಿದ, ಮಗು ಯಾರ ಹಾಗಿದೆ ಎಂದು ನಾನು ಕೇಳಿದ್ದಕ್ಕೆ ಫೋಟೋ ಕೂಡ ತೋರಿಸಿದ. ಕನ್ನಡದ ಒಂದು ಪದವನ್ನೂ ಬಾಯಿಂದ ಬೀಳಿಸಲಿಲ್ಲ. ಸೊಸೆಗೆ ಹೇಳಿದಾಗ, ಮಾತು ಬಿಟ್ಟಿಲ್ಲವಲ್ಲ ಅತ್ತೆ, ಮರ್ಯಾದೆಯಿಂದಲೇ ಇದ್ದಾನಲ್ಲ ಎಂದಳು. ಹೌದು, ಮರ್ಯಾದೆಯಿಂದಲೇ ಇದ್ದಾನೆ. ವಾರ್ಡಿನಲ್ಲಿ ನಾನು ಹೇಳಿದ ಮಾತಿಗೆ ತಿರುಗಿ ಮಾತಾಡಿದವರು ಎಷ್ಟೋ ಜನ. ಯಾರೂ ಇಷ್ಟು ದೊಡ್ಡ ಶಿಕ್ಷೆ ಕೊಟ್ಟಿರಲಿಲ್ಲ. ಅವನಿಗೆ ಅದು ಶಿಕ್ಷೆ ಎಂದು ಗೊತ್ತಿದೆಯೋ ಇಲ್ಲವೋ. ಇಲ್ಲದಿರಬಹುದು. ಅಮ್ಮನ ಹತ್ತಿರ ಆಡುವ ಮಾತು ಒಂದು, ಸಮಿತಿಯವರ ಹತ್ತಿರ ಆಡುವ ಮಾತು ಇನ್ನೊಂದು ಎಂದು ಬೇರೆ ಬೇರೆ ಮಾಡಿಟ್ಟಿದ್ದಾನೆ, ಅಷ್ಟೆ. ನಿಯಮ ಅಂದರೆ ಹಾಗೇ ಅಲ್ಲವೇ.

ನಾನು ಅವತ್ತು ಹೇಳಿದ್ದು ಸರಿ. ಇದನ್ನು ನೂರು ಸಲ ಮತ್ತೆ ಮತ್ತೆ ನೋಡಿದ್ದೇನೆ. ಬೇರೆ ಏನೂ ಹೇಳುವಂತಿರಲಿಲ್ಲ. ಮಾಲ್ಟಾದ ಯುವಕ ಊರುಗೋಲು ಹಿಡಿದು ತಾಯಿಯ ಮನೆಗೆ ಹೋದ. ಚಕ್ರಗಳಿಗೆ ತಟ್ಟೆಗಳು ಬಂದವು, ಈಗ ಎಲ್ಲ ಗಾಡಿಗಳೂ ಸದ್ದಿಲ್ಲದೆ ಓಡುತ್ತವೆ. ಸರಿಯಾದದ್ದು ಮಾಡಿದರೆ ನಿದ್ದೆ ಬರುತ್ತದೆ ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು. ನಿದ್ದೆ ಬರುತ್ತದೆ. ಎದ್ದ ಮೇಲೆ ಏನು ಎಂಬುದನ್ನು ಅವರು ಹೇಳಿಕೊಟ್ಟಿರಲಿಲ್ಲ.

ಹೋದ ವಾರ ಓಟಕ್ಕೆ ಮುಂಚೆ ಲಾಯದ ಕಡೆ ಹೋದೆ. ಹೊಸದಾಗಿ ಬಂದ ಕಪ್ಪು ಗಂಡುಕುದುರೆಯನ್ನು ಅವನ ಕೈಗೆ ಕೊಟ್ಟಿದ್ದಾರೆ, ಮೈ ಉಜ್ಜಲು, ನಡೆದಾಡಿಸಲು. ಬಾಗಿಲು ಅರ್ಧ ಹಾಕಿತ್ತು. ಒಳಗೆ ಅವನು ಉಜ್ಜುತ್ತ ಮಾತಾಡುತ್ತಿದ್ದ. ಏನ್ ರಾಜಾ, ಏನ್ ನಿನ್ ಗತ್ತು, ಆ ಕಡೆ ಕಾಲು ಎತ್ತು, ಎತ್ತಪ್ಪಾ, ಯಾರೂ ಏನೂ ಮಾಡಲ್ಲ ನಿನಗೆ. ಅದೇ ಮೈಸೂರಿನ ಎಳೆತ. ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಎಷ್ಟು ಹೊತ್ತು ನಿಂತೆನೋ. ಓಟಕ್ಕೆ ಕರೆ ಬಂತು, ಹೋಗಲೇಬೇಕಿತ್ತು. ಆ ಕುದುರೆಯ ಕಾಲಿನ ಹಳೆಯ ಗಾಯವನ್ನು ನೋಡಿಯೇ ಹೋಗಬೇಕಿತ್ತು. ಬಾಗಿಲು ತಟ್ಟಿದೆ.

ಒಳಗೆ ಮಾತು ನಿಂತಿತು.

“ಆಯಿಯೇ, ಮೇಡಂ,” ಎಂದ.